ಹದಿನಾಲ್ಕಕ್ಕೆ ಒಂದು ಕಮ್ಮಿ

ಗುಬ್ಬಿಯ ಸದಾಶಿವಯ್ಯನವರಿಗೆ ಅನುಮಾನ ಅನ್ನುವುದು ಕಾಯಿಲೆಯಲ್ಲ, ಕಸುಬು. ಮೂವತ್ತಾರು ವರ್ಷ ಗ್ರಾಮಲೆಕ್ಕಿಗರಾಗಿದ್ದವರು. ಯಾರಾದರೂ ಸತ್ತು ಜಮೀನಿನ ಖಾತೆ ಮಕ್ಕಳ ಹೆಸರಿಗೆ ಹೋಗಬೇಕಾದರೆ ಮೊದಲು ವಂಶವೃಕ್ಷ ಬೇಕು. ಸತ್ತವನಿಗೆ ಹೆಂಡಿರೆಷ್ಟು, ಮಕ್ಕಳೆಷ್ಟು, ಯಾರು ಬದುಕಿದ್ದಾರೆ, ಯಾರು ಇಲ್ಲ. ಅರ್ಜಿ ಕೊಡುವವರು ತಮಗೆ ಬೇಕಾದವರ ಹೆಸರು ಬರೆದು ತರುತ್ತಿದ್ದರು. ಬೇಡವಾದವರ ಹೆಸರು ಪತ್ತೆ ಮಾಡುವುದು ಇವರ ಕೆಲಸ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮೊದಲನೇ ಹೆಂಡತಿಯ ಮಗ, ಊರು ಬಿಟ್ಟು ಹೋದ ತಮ್ಮ, ಇವರೆಲ್ಲ ಕಾಗದದ ಮೇಲೆ ಹುಟ್ಟಿಯೇ ಇರುತ್ತಿರಲಿಲ್ಲ.

ಪತ್ತೆ ಮಾಡುವ ದಾರಿಯೇನೂ ದೊಡ್ಡದಲ್ಲ. ಮನೆಗೆ ಹೋಗಿ ಕುಡಿಯಲು ನೀರು ಕೇಳುತ್ತಿದ್ದರು. ನೀರು ಬರುವಷ್ಟರಲ್ಲಿ ಗೋಡೆಯ ಫೋಟೋಗಳಲ್ಲಿ ತಲೆ ಎಣಿಸಿ ಮುಗಿಸುತ್ತಿದ್ದರು. ಅರ್ಜಿಯಲ್ಲಿ ನಾಲ್ಕು ಮಕ್ಕಳು, ಫೋಟೋದಲ್ಲಿ ಐದು. ಈ ರಿಬ್ಬನ್ ಕಟ್ಟಿರೋ ಮಗು ಯಾವುದಮ್ಮ ಎಂದು ಮೆಲ್ಲಗೆ ಕೇಳಿದರೆ ಸಾಕು, ಯಜಮಾನನ ಮುಖ ಸುಟ್ಟ ಬದನೆಕಾಯಿ ಆಗುತ್ತಿತ್ತು. ಸದಾಶಿವಯ್ಯನ ಕಣ್ಣು ತಪ್ಪಿಸಿ ನಮ್ಮ ತಾಲ್ಲೂಕಲ್ಲಿ ಸಾಯೋದೂ ಕಷ್ಟ ಎಂದು ಜನ ಆಡಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಇಷ್ಟೊಂದು ಅನುಮಾನವನ್ನು ಎಲ್ಲಿ ಇಡುವುದು? ಮನೆಯೊಳಗೇ ಬಿಟ್ಟುಕೊಂಡರು. ಹಾಲಿನವನು ಇವತ್ತು ಯಾಕೆ ನಗುನಗುತ್ತಾ ಮಾತಾಡಿದ, ಎದುರು ಮನೆಯವರು ಇದ್ದಕ್ಕಿದ್ದಂತೆ ಕಾಂಪೌಂಡ್ ಯಾಕೆ ಎತ್ತರಿಸಿದರು, ಗ್ಯಾಸ್ ಸಿಲಿಂಡರ್ ಹೋದ ಸಲಕ್ಕಿಂತ ಐದು ದಿನ ಮೊದಲೇ ಯಾಕೆ ಖಾಲಿಯಾಯಿತು. ಹೆಂಡತಿ ಶಿವನಂಜಮ್ಮ ಇದಕ್ಕೆಲ್ಲ ಕಿವಿ ಕೊಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು.

ಇಂಪನಾ ಇವರ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತೇಳು. ತುಮಕೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಡಿಟಿಪಿ ಸೆಂಟರ್ ಇಟ್ಟುಕೊಂಡಿದ್ದಳು. ಲಗ್ನಪತ್ರಿಕೆ, ಮಠದ ಕಾರ್ಯಕ್ರಮದ ಆಹ್ವಾನ, ಕಾಲೇಜಿನವರ ಪ್ರಾಜೆಕ್ಟ್, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ. ಬೆಳಿಗ್ಗೆ ರೈಲಿಗೆ ಹೋದರೆ ಸಂಜೆ ರೈಲಿಗೆ ಮನೆ. ಅಂಗಡಿಗೆ ಬಂದವರು ಸರ್ಕಾರಿ ಆಫೀಸುಗಳನ್ನು ಬೈದರೆ ಅವಳಿಗೆ ತಡೆಯುತ್ತಿರಲಿಲ್ಲ. ನಮ್ಮಪ್ಪನೂ ರೆವಿನ್ಯೂನಲ್ಲೇ ಇದ್ದಿದ್ದು, ಒಂದೇ ಒಂದು ಸುಳ್ಳು ಕಾಗದ ಅವರ ಕೈಯಿಂದ ಹೊರಗೆ ಹೋಗಿಲ್ಲ ಅನ್ನುತ್ತಿದ್ದಳು. ಈ ಮಾತು ಯಾರ್ಯಾರದೋ ಬಾಯಿಂದ ಸದಾಶಿವಯ್ಯನವರ ಕಿವಿಗೂ ಬಿದ್ದಿತ್ತು. ಮಗಳ ಆ ನಂಬಿಕೆಯೊಂದು ಇದ್ದರೆ ಬೇರೇನೂ ಬೇಡ ಅನ್ನುವಷ್ಟು ಅದು ಅವರಿಗೆ ದೊಡ್ಡದಾಗಿತ್ತು.

ಹೋದ ಶ್ರಾವಣದಲ್ಲಿ ಒಂದು ಭಾನುವಾರ ಕನ್ನಡಕ ಹುಡುಕುತ್ತ ಮಗಳ ಬ್ಯಾಗಿಗೆ ಕೈ ಹಾಕಿದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು, ಅದು ಬೇರೆ ಮಾತು. ಕೈಗೆ ಒಂದು ನೋಟ್‌ಬುಕ್ ಸಿಕ್ಕಿತು. ತೆರೆದರೆ ಉದ್ದಕ್ಕೆ ಹೆಸರು, ಪಕ್ಕದಲ್ಲಿ ಅಂಕಿ, ಅದರ ಪಕ್ಕ ಒಂದೊಂದು ಮಾತು. ಆದಾಮ, ೯೩೦, ಮಣ್ಣಿನವನು. ಸೇತ, ೯೧೨, ಬದಲಿಗೆ ಸಿಕ್ಕವನು. ಎನೋಷ, ೯೦೫, ಸಾಯುವವನು. ಯೆರೆದ, ೯೬೨, ಇಳಿದು ಬಂದವನು. ಹನೋಕ, ೩೬೫. ಮೆತೂಷೆಲಹ, ೯೬೯. ಲೆಮೆಕ, ೭೭೭. ಎಲ್ಲಕ್ಕಿಂತ ಕೆಳಗೆ, ಮಗಳದೇ ಕೈಬರಹದಲ್ಲಿ: ಶನಿವಾರ ಹನ್ನೊಂದಕ್ಕೆ, ಕುಣಿಗಲ್.

ಆದಾಮ ಅನ್ನುವ ಹೆಸರು ಕೇಳಿ ಗೊತ್ತಿತ್ತು, ಕ್ರೈಸ್ತರ ಬೈಬಲ್ಲಿನದು. ಆದರೆ ಅವರ ಎದೆ ಧಸಕ್ಕೆಂದದ್ದು ಅದಕ್ಕಲ್ಲ, ಕುಣಿಗಲ್ ಅನ್ನುವುದಕ್ಕೆ.

ಯಾಕೆಂದರೆ ಸದಾಶಿವಯ್ಯನವರಿಗೆ ಒಬ್ಬಳು ಅಕ್ಕ ಇದ್ದಳು. ಹೆಸರು ಗಂಗಾಂಬಿಕೆ, ಮೂರು ವರ್ಷಕ್ಕೆ ದೊಡ್ಡವಳು. ಟಿಸಿಎಚ್ ಮುಗಿಸಿ ಕುಣಿಗಲ್ ಕಡೆ ಶಾಲೆಗೆ ಸೇರಿದವಳು ಅಲ್ಲೇ ಪಾಠ ಹೇಳುತ್ತಿದ್ದ ಜೀವರತ್ನ ಅನ್ನುವ ಕ್ರೈಸ್ತ ಮೇಷ್ಟರನ್ನು ಮದುವೆಯಾದಳು, ಚರ್ಚಿಗೂ ಸೇರಿದಳು. ಅಪ್ಪ ಚನ್ನವೀರಯ್ಯ ಲಿಂಗಪೂಜೆ ಆಗದೆ ತೊಟ್ಟು ನೀರು ಮುಟ್ಟದವರು. ನನಗೆ ಒಬ್ಬನೇ ಮಗ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಹದಿಮೂರು ವರ್ಷ ಬಿಟ್ಟು ಅವರು ತೀರಿಕೊಂಡಾಗ ಗಂಗಾಂಬಿಕೆ ಬಂದಿದ್ದಳು. ಹನ್ನೊಂದನೇ ದಿನ ಮನೆಯ ಮುಂದೆ ಪೆಂಡಾಲ್ ಹಾಕಿ ಜನಕ್ಕೆ ಊಟ ನಡೆಯುತ್ತಿದ್ದಾಗ ರಸ್ತೆಯಾಚೆ ಹೊಂಗೆಮರದ ಕೆಳಗೆ ನಿಂತಿದ್ದಳು. ಸದಾಶಿವಯ್ಯ ನೋಡಿದರು. ನೋಡಿ, ಮಜ್ಜಿಗೆ ತರುವವರ ಹಾಗೆ ಒಳಗೆ ಹೋದವರು ಅವಳು ಹೊರಟುಹೋಗುವ ತನಕ ಹೊರಗೆ ಬರಲಿಲ್ಲ.

ಆಮೇಲೆ ತೋಟದ ಖಾತೆ ಬದಲಾಗಬೇಕಾಯಿತು, ಅದಕ್ಕೆ ವಂಶವೃಕ್ಷ ಬೇಕಾಯಿತು. ಅರ್ಜಿ ಬರೆದವರು ಸದಾಶಿವಯ್ಯ. ಮಕ್ಕಳು ಅನ್ನುವ ಕಡೆ ಒಂದೇ ಹೆಸರು ಬರೆದರು. ಇವರನ್ನು ಬಿಟ್ಟು ಬೇರೆ ವಾರಸುದಾರರು ಇರುವುದಿಲ್ಲ ಎಂದು ಮಹಜರನ್ನೂ ಅವರೇ ಬರೆದರು. ಪಕ್ಕದ ವೃತ್ತದ ಗ್ರಾಮಲೆಕ್ಕಿಗ ರಾಮಾಂಜಿನಯ್ಯ ಸ್ನೇಹಕ್ಕೆ ಸಹಿ ಹಾಕಿಕೊಟ್ಟರು. ಬರೆದದ್ದಷ್ಟೇ ನಾನು, ಸಹಿ ಬೇರೆಯವರದು ಅನ್ನುವುದು ಸದಾಶಿವಯ್ಯನವರು ತಮಗೆ ತಾವೇ ಹೇಳಿಕೊಂಡಿದ್ದ ಸಮಾಧಾನ. ನಮಗೆ ನಾವೇ ಹೇಳಿಕೊಳ್ಳುವ ಸುಳ್ಳಿಗೆ ಯಾವ ಮಹಜರೂ ಬೇಕಾಗುವುದಿಲ್ಲ ನೋಡಿ. ಹಳ್ಳಿ ಬಿಟ್ಟು ಗುಬ್ಬಿಗೆ ಮನೆ ಮಾಡಿದರು, ಇಂಪನಾ ಹುಟ್ಟಿದಳು, ಅಪ್ಪನಿಗೆ ಒಡಹುಟ್ಟಿದವರು ಯಾರೂ ಇಲ್ಲ ಎಂದೇ ತಿಳಿದು ಬೆಳೆದಳು.

ಈಗ ಅದೇ ಕುಣಿಗಲ್, ಅದೇ ಬೈಬಲ್. ಜೊತೆಗೆ ಇನ್ನೊಂದು ವಿಷಯವಿತ್ತು. ಕೋರದಿಂದ ಮಲ್ಲಿಕಾರ್ಜುನ್ ಅನ್ನುವ ವರನ ಕಡೆಯವರು ಬಂದು ಹೋಗಿದ್ದರು, ಸತ್ಯಮಂಗಲದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಳ್ಳೆಯ ಹುಡುಗ. ಇಂಪನಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ದೀಪಾವಳಿ ಕಳೆಯಲಿ ಅಂದಿದ್ದಳು. ದೀಪಾವಳಿಗೂ ಇದಕ್ಕೂ ಏನು ಸಂಬಂಧ? ಅಕ್ಕ ಕೂಡ ಹಿಂದೆ ಹೀಗೇ ಏನೋ ಕಳೆಯಲಿ ಅಂದಿದ್ದಳಲ್ಲ ಎಂದು ನೆನಪಾಯಿತು. ಕುಣಿಗಲ್ಲಿನಲ್ಲಿ ಇನ್ನೊಬ್ಬ ಜೀವರತ್ನ ಕೂತಿದ್ದಾನೆ ಅನ್ನುವುದು ಅವರ ಮನಸ್ಸಿನಲ್ಲಿ ಸಂಜೆಯೊಳಗೆ ಸಾಬೀತಾಗಿಹೋಯಿತು.

ನೇರವಾಗಿ ಕೇಳಬಹುದಿತ್ತು. ಆದರೆ ನೇರ ಕೇಳಿದರೆ ನೇರ ಸುಳ್ಳು ಬರುತ್ತದೆ ಅನ್ನುವುದು ಅವರ ಸರ್ವಿಸ್ಸಿನ ಪಾಠ. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೆಂಡತಿಗೆ ಹೇಳಿ ತುಮಕೂರಿಗೆ ಹೋದರು. ಮಗಳ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಅಡ್ಡ ಹಿಡಿದು ಹತ್ತರಿಂದ ನಾಲ್ಕರವರೆಗೆ ಕೂತರು. ಲಗ್ನಪತ್ರಿಕೆಗೆಂದು ಎರಡು ಸಂಸಾರ ಬಂತು, ಒಬ್ಬ ನಿವೃತ್ತ ಪ್ರೊಫೆಸರ್ ಬಂದ, ಜೆರಾಕ್ಸ್ ಇದೆಯಾ ಎಂದು ಕೇಳಿ ಹದಿನೇಳು ಜನ ವಾಪಸ್ ಹೋದರು. ಅನುಮಾನ ಪಡುವಂಥ ಒಬ್ಬ ಹುಡುಗನೂ ಬರಲಿಲ್ಲ. ಆರು ಟೀ ಕುಡಿದದ್ದಕ್ಕೆ ಎದೆಯುರಿ ಮಾತ್ರ ಬಂತು. ನಾಲ್ಕು ಗಂಟೆಗೆ ಇಂಪನಾ ತಾನೇ ರಸ್ತೆ ದಾಟಿ ಬಂದು, ಒಳಗಡೆ ಫ್ಯಾನ್ ಇದೆ ಬನ್ನಿ ಅಪ್ಪ ಅಂದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ಅವರ ಪತ್ತೇದಾರಿ.

ಮಗಳು ಬೈಯಲಿಲ್ಲ, ನಕ್ಕಳು. ಬ್ಯಾಗು ತಡಕಿದ್ದೂ ಅವಳಿಗೆ ಗೊತ್ತಿತ್ತು. ಕುಣಿಗಲ್ಲಿನಲ್ಲಿ ಹನ್ನಮ್ಮ ಟೀಚರ್ ಅಂತ ಒಬ್ಬರಿದ್ದಾರೆ, ಎಪ್ಪತ್ತರ ಹತ್ತಿರ ವಯಸ್ಸು, ಗಂಡ ತೀರಿಕೊಂಡಿದ್ದಾರೆ, ಒಂಟಿ. ಬೈಬಲ್ಲಿನ ವಂಶಾವಳಿಗಳಲ್ಲಿ ಬರುವ ಹೀಬ್ರೂ ಹೆಸರುಗಳಿಗೆ ಅರ್ಥವೇನು, ಆ ವಯಸ್ಸು, ಆ ತಲೆಮಾರಿನ ಎಣಿಕೆ ಯಾಕೆ ಹಾಗಿದೆ ಎಂದು ಇಪ್ಪತ್ತು ವರ್ಷದಿಂದ ಬರೆದಿಟ್ಟುಕೊಂಡಿದ್ದಾರೆ. ಅದು ಪುಸ್ತಕವಾಗಬೇಕು. ಕಣ್ಣಿಗೆ ಪೊರೆ ಬಂದಿರುವುದರಿಂದ ಶನಿವಾರ ಶನಿವಾರ ತಾನೇ ಹೋಗಿ ಟೈಪ್ ಮಾಡಿದ್ದನ್ನು ಓದಿ ಹೇಳಬೇಕು. ದೀಪಾವಳಿಯೊಳಗೆ ಮುಗಿಸಿಕೊಡ್ತೀನಿ ಅಂತ ಮಾತು ಕೊಟ್ಟಿದ್ದಾಳೆ. ಇಷ್ಟೇ ವಿಷಯ. ಹೇಳಿ ಮುಗಿಸಿ ಪ್ರೂಫಿನ ಕಟ್ಟನ್ನು ಅವರ ಕೈಗೇ ಇಟ್ಟಳು. ಎಲ್ಲದರಲ್ಲೂ ತಪ್ಪು ಹುಡುಕುವವರಿಗೆ ಇದಕ್ಕಿಂತ ಒಳ್ಳೆ ಕೆಲಸ ಸಿಗಲ್ಲ ಅಂದಳು.

ಸದಾಶಿವಯ್ಯ ಅದನ್ನು ತಂದು ಜಗಲಿಯ ಮೇಲೆ ಕೆಂಪು ಪೆನ್ನು ಹಿಡಿದು ಕೂತರು. ಬೆಳ್ಳಗಿರುವುದೆಲ್ಲ ಹಾಲಲ್ಲ, ಮತಕ್ಕೆ ಎಳೆಯುವ ಮಾತು ಎಲ್ಲೋ ಒಳಗಡೆ ಅಡಗಿರುತ್ತದೆ ಎಂದು ಹುಡುಕಿದರು. ಅಂಥದ್ದೇನೂ ಇರಲಿಲ್ಲ. ಇವನು ಅವನ ಮಗ, ಅವನು ಇವನ ಮಗ, ಇಷ್ಟು ವರ್ಷ ಬದುಕಿದ, ಸತ್ತ. ಅರೆ, ಇದು ನಮ್ಮ ಆಫೀಸೇ ಅಲ್ಲವೇ ಅನ್ನಿಸಿತು. ಮೆತೂಷೆಲಹನ ಒಂಬೈನೂರ ಅರವತ್ತೊಂಬತ್ತು ವರ್ಷವನ್ನು ನಂಬದೆ ತಾವೇ ಕೂಡಿಸಿದರು. ಮಗ ಹುಟ್ಟಿದಾಗ ಇವನಿಗೆ ನೂರ ಎಂಬತ್ತೇಳು, ಮೊಮ್ಮಗ ನೋಹ ಹುಟ್ಟಿದಾಗ ಆ ಮಗನಿಗೆ ನೂರ ಎಂಬತ್ತೆರಡು, ಪ್ರಳಯ ಬಂದಾಗ ನೋಹನಿಗೆ ಆರುನೂರು. ಕೂಡಿಸಿದರೆ ಸರಿಯಾಗಿ ಒಂಬೈನೂರ ಅರವತ್ತೊಂಬತ್ತು. ಅಂದರೆ ಪ್ರಳಯದ ವರ್ಷವೇ ಸತ್ತಿದ್ದಾನೆ. ಮುಳುಗಿ ಸತ್ತನೋ, ಮೊದಲೇ ಸತ್ತನೋ? ಸಾವಿನ ಕಾರಣ ನಮೂದಾಗಿಲ್ಲ ಎಂದು ಅಂಚಿನಲ್ಲಿ ಬರೆದರು.

ಅವರಿಗೆ ಇಷ್ಟವಾದದ್ದು ಇನ್ನೊಂದು. ಆದಾಮನಿಂದ ನೋಹನವರೆಗಿನ ಹತ್ತು ಹೆಸರುಗಳ ಅರ್ಥವನ್ನು ಸಾಲಾಗಿ ಜೋಡಿಸಿ ಒಂದು ಗುಟ್ಟಿನ ಸಂದೇಶ ಇದೆ ಎಂದು ಕೆಲವರು ಹೇಳುತ್ತಾರಂತೆ. ಈ ಟೀಚರ್ ಅದನ್ನು ಬರೆದು, ಕೆಳಗೆ ಸೇರಿಸಿದ್ದರು: ಕೇನಾನ, ಲೆಮೆಕ ಈ ಎರಡು ಹೆಸರಿನ ಅರ್ಥ ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಾನು ಬರೆಯಲಾರೆ. ಕಾಗದದ ಮೇಲೆ ಗೊತ್ತಿಲ್ಲ ಎಂದು ಬರೆದವರನ್ನು ಸದಾಶಿವಯ್ಯ ತಮ್ಮ ಇಡೀ ಸರ್ವಿಸ್ಸಿನಲ್ಲಿ ಕಂಡಿರಲಿಲ್ಲ.

ಕೊನೆಯ ಭಾಗಕ್ಕೆ ಬಂದಾಗ ಬೇಟೆ ಸಿಕ್ಕಿತು. ಯೇಸುವಿನ ವಂಶದ ಬಗ್ಗೆ ಮತ್ತಾಯ ಬರೆದ ಪಟ್ಟಿ. ಅಬ್ರಹಾಮನಿಂದ ದಾವೀದನವರೆಗೆ ಹದಿನಾಲ್ಕು ತಲೆಮಾರು, ಅಲ್ಲಿಂದ ಯೆಹೂದ್ಯರು ದೇಶ ಬಿಟ್ಟು ಸೆರೆ ಹೋಗುವವರೆಗೆ ಹದಿನಾಲ್ಕು, ಅಲ್ಲಿಂದ ಯೇಸುವಿನವರೆಗೆ ಹದಿನಾಲ್ಕು. ಹೀಬ್ರೂನಲ್ಲಿ ಅಕ್ಷರಕ್ಕೂ ಅಂಕಿ ಉಂಟು, ದಾವೀದ ಅನ್ನುವ ಹೆಸರು ನಾಲ್ಕು, ಆರು, ನಾಲ್ಕು, ಒಟ್ಟು ಹದಿನಾಲ್ಕು, ಅದಕ್ಕೇ ಈ ಎಣಿಕೆ ಇರಬಹುದು ಎಂದು ಟೀಚರ್ ಬರೆದಿದ್ದರು. ಓಹೋ, ಮೊದಲು ಟಾರ್ಗೆಟ್, ಆಮೇಲೆ ಜನ ಎಂದುಕೊಂಡು ಬೆರಳು ಮಡಿಸಿ ಎಣಿಸಿದರು. ಮೂರನೇ ಗುಂಪಿನಲ್ಲಿ ಹದಿಮೂರೇ ಇತ್ತು. ಮತ್ತೆ ಎಣಿಸಿದರು, ಹದಿಮೂರೇ. ಎರಡನೇ ಗುಂಪಿನಲ್ಲಿ ಯೋರಾಮನ ಮಗ ಉಜ್ಜೀಯ ಎಂದಿದೆ, ಆದರೆ ಹಿಂದಿನ ಅಧ್ಯಾಯದ ರಾಜರ ಪಟ್ಟಿಯಲ್ಲಿ ಇವರಿಬ್ಬರ ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂದು ಮೂವರಿದ್ದಾರೆ. ಮೂರು ಜನ ರಾಜರು ಮಾಯ. ಸದಾಶಿವಯ್ಯನವರಿಗೆ ನಿವೃತ್ತಿಯಾದ ಆರು ವರ್ಷದಿಂದ ಆಗದಷ್ಟು ಖುಷಿಯಾಯಿತು.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅದೇ ಪಟ್ಟಿಯಲ್ಲಿ ಹೆಂಗಸರ ಹೆಸರಿತ್ತು. ವೇಷ ಹಾಕಿಕೊಂಡು ಮಾವನಿಂದ ಬಸಿರಾದ ತಾಮಾರ. ಸೂಳೆಗಾರಿಕೆಯ ರಾಹಾಬ. ಬೇರೆ ದೇಶದ, ಬೇರೆ ದೇವರ ರೂತ್. ಇನ್ನೊಬ್ಬನ ಹೆಂಡತಿಯಾಗಿದ್ದು ರಾಜನ ಮನೆ ಸೇರಿದವಳು. ಗಂಡಸರ ಪಟ್ಟಿ ಅದು, ಇವರನ್ನು ಬಿಟ್ಟಿದ್ದರೆ ಕೇಳುವವರು ಯಾರು? ರಾಜರನ್ನು ಬಿಟ್ಟವನು ಇವರನ್ನು ಯಾಕೆ ಇಟ್ಟ? ಸದಾಶಿವಯ್ಯ ಆ ಪುಟವನ್ನು ಎರಡು ಸಲ ಮುಚ್ಚಿ ಎರಡು ಸಲ ತೆರೆದರು. ಕೊನೆಗೆ ಕೆಂಪು ಪೆನ್ನಿನಲ್ಲಿ ಹಳೆಯ ಧಾಟಿಯಲ್ಲಿ ಟಿಪ್ಪಣಿ ಬರೆದರು: ಹದಿನಾಲ್ಕಕ್ಕೆ ಒಂದು ಕಮ್ಮಿ ಇದೆ, ಮೂವರು ರಾಜರ ಹೆಸರು ಬಿಟ್ಟಿದೆ, ಬಿಟ್ಟಿದ್ದಕ್ಕೆ ಕಾರಣ ದಾಖಲಿಸಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಮೂಲ ಪ್ರತಿ ನೋಡದೆ ನಕಲು ಸರಿ ಇದೆ ಎಂದು ಹೇಳುವುದು ಅವರ ಜಾಯಮಾನದಲ್ಲೇ ಇಲ್ಲ. ತಪ್ಪು ಟೈಪಿನದೋ ಬರೆದವರದೋ ನೋಡಬೇಕು, ಕೈಬರಹ ತಾ ಎಂದು ಮಗಳನ್ನು ಪೀಡಿಸಿದರು. ಪ್ರೂಫಿನ ಜೊತೆ ಶನಿವಾರ ಕುಣಿಗಲ್ಲಿಗೆ ಹೋಗಿ ಬಂದವಳು ಸಂಜೆ ತಂದುಕೊಟ್ಟಳು. ಉದ್ದನೆಯ ನೋಟ್‌ಬುಕ್ಕು, ನೀಲಿ ಇಂಕು. ಮೊದಲ ಪುಟದಲ್ಲೇ ಅವರ ಕೈ ನಿಂತುಹೋಯಿತು. ಪ್ರತಿ ಅಂಕಿಯ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಅಪ್ಪ ಚನ್ನವೀರಯ್ಯ ಸ್ಲೇಟಿನ ಮೇಲೆ ಇಬ್ಬರು ಮಕ್ಕಳಿಗೂ ಹೀಗೇ ಕಲಿಸಿದ್ದರು. ಸದಾಶಿವಯ್ಯನೂ ಇವತ್ತಿಗೂ ಹಾಗೇ ಬರೆಯುತ್ತಾರೆ. ಪಕ್ಕದಲ್ಲಿಟ್ಟ ಪ್ರೂಫಿನ ಅಂಚಿನಲ್ಲಿ ಅವರದೇ ಕೆಂಪು ಅಂಕಿಗಳ ಕೆಳಗೆ ಅದೇ ಗೆರೆ, ಅದೇ ಚುಕ್ಕೆ ಇದ್ದವು.

ಹನ್ನಮ್ಮ ಅನ್ನುವುದು ಚರ್ಚಿನಲ್ಲಿ ಇಟ್ಟ ಹೆಸರಿರಬೇಕು. ಸಾವಕಾಶವಾಗಿ, ಏನೂ ಆಗದವರ ಹಾಗೆ, ಈ ಟೀಚರಿಗೆ ನಿನ್ನ ಅಂಗಡಿ ಹೇಗೆ ಗೊತ್ತಾಯಿತಮ್ಮ ಎಂದು ಕೇಳಿದರು. ಯಾರೋ ಹೇಳಿರಬೇಕು, ಬಂದವರೇ ಗುಬ್ಬಿಯ ಇಂಪನಾ ನೀನೇನಾ ಅಂತ ಕೇಳಿದರು ಅಂದಳು ಮಗಳು.

ಹುಡುಗನ ಅನುಮಾನ ಹೋಯಿತು, ಅದರ ಹತ್ತರಷ್ಟು ದೊಡ್ಡದು ಬಂತು. ತುಮಕೂರಿನಲ್ಲಿ ಗಲ್ಲಿಗೊಂದು ಡಿಟಿಪಿ ಇರುವಾಗ ಅಕ್ಕ ಹುಡುಕಿಕೊಂಡು ಇವಳ ಹತ್ತಿರವೇ ಬಂದಿದ್ದಾಳೆ. ಯಾಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಣ್ಣುಮಕ್ಕಳಿಗೂ ಸಮಪಾಲು ಅನ್ನುವ ಕಾನೂನು ಅವರಿಗೆ ಬಾಯಿಪಾಠ. ಸುಳ್ಳು ವಂಶವೃಕ್ಷ ಬರೆದವನಿಗೆ ಏನಾಗುತ್ತದೆ ಅನ್ನುವುದೂ ಗೊತ್ತು. ತೋಟಕ್ಕೆ ಬಂದಿದ್ದಾಳೆ, ಮೊದಲು ಮಗಳನ್ನು ಒಲಿಸಿಕೊಂಡು ಆಮೇಲೆ ವಕೀಲನನ್ನು ಕಳಿಸುತ್ತಾಳೆ ಎಂದು ತೀರ್ಮಾನಿಸಿದರು. ತೋಟ ಹೋದರೆ ಹೋಗಲಿ ಅನ್ನಿಸುವಷ್ಟು ಭಯ ಅವರಿಗೆ ಇನ್ನೊಂದಕ್ಕಿತ್ತು. ಇಂಪನಾಗೆ ಗೊತ್ತಾದರೆ?

ಶಿವನಂಜಮ್ಮನಿಗೆ ಹೇಳಿದರು. ಅವರು ಸೊಪ್ಪು ಸೋಸುತ್ತಲೇ ಕೇಳಿಸಿಕೊಂಡು, “ಬುಡಿ, ಇಷ್ಟು ವರ್ಷ ನಾನು ಬಾಯ್ಮುಚ್ಕೊಂಡಿದ್ದೇ ದೊಡ್ಡದು. ನೀವೇ ಹೇಳಿ ಅವಳಿಗೆ. ಬೇರೆಯವರಿಂದ ಗೊತ್ತಾದ್ರೆ ನಿಮ್ಮ ಮುಖ ನೋಡಲ್ಲ,” ಅಂದರು.

ಹೇಳಲು ಬಾಯಿ ಬರಲಿಲ್ಲ. ಅದರ ಬದಲು ಖಾತೆ, ಪಹಣಿ, ಮಹಜರಿನ ನಕಲು ಎಲ್ಲವನ್ನೂ ಒಂದು ಫೈಲಿಗೆ ಹಾಕಿಕೊಂಡು, ಟಿಪ್ಪಣಿಯ ಬಗ್ಗೆ ನಾನೇ ಟೀಚರ ಹತ್ತಿರ ಮಾತಾಡಬೇಕು ಎಂದು ಹೇಳಿ ಮುಂದಿನ ಶನಿವಾರ ಮಗಳ ಜೊತೆ ಕುಣಿಗಲ್ ಬಸ್ ಹತ್ತಿದರು. ಹೆಬ್ಬೂರು ದಾಟುವ ತನಕ ಮನಸ್ಸಿನಲ್ಲೇ ವಾದ ಮಾಡಿದರು. ಎಲ್ಲ ವಾದದಲ್ಲೂ ಅವರೇ ಗೆದ್ದರು.

ಚರ್ಚಿನ ಹಿಂದೆ ಎರಡು ಕೋಣೆಯ ಮನೆ. ಬಾಗಿಲು ತೆರೆದ ಹೆಂಗಸು ಕುಳ್ಳಗೆ, ಬೆಳ್ಳಗೆ, ಅವ್ವನ ಹಾಗೆಯೇ ಸ್ವಲ್ಪ ಎಡಕ್ಕೆ ವಾಲಿ ನಿಂತಿದ್ದಳು. ಸದಾಶಿವಯ್ಯನವರಿಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಇಂಪನಾ, ಇವರು ನಮ್ಮ ತಂದೆ ಎಂದು ಪರಿಚಯ ಮಾಡಿಕೊಟ್ಟಳು. ಹೆಂಗಸು ಪೊರೆ ಬಂದ ಕಣ್ಣು ಕಿರಿದು ಮಾಡಿ ಅವರ ಕಡೆ ನೋಡಿದಳು. “ಬನ್ನಿ, ಕೂತ್ಕೊಳ್ಳಿ,” ಅಂದಳು. ಸದಾ ಎಂದು ಕರೆದು, ಹಳ್ಳ ದಾಟುವಾಗ ಕಂಕುಳಲ್ಲಿ ಎತ್ತಿಕೊಳ್ಳುತ್ತಿದ್ದ ಅಕ್ಕ ಬನ್ನಿ ಅಂದಳು. ಆದರೂ ಬುದ್ಧಿ ಸುಮ್ಮನಿರಲಿಲ್ಲ. ಗುರುತು ತೋರಿಸುತ್ತಿಲ್ಲ, ಇದರಲ್ಲೂ ಏನೋ ಇದೆ ಎಂದುಕೊಂಡರು.

ಅಕ್ಕನೇ ಉಪಾಯ ಮಾಡಿ ಇಂಪನಾಳನ್ನು ಹಾಲು ತರಲು ಅಂಗಡಿಗೆ ಕಳಿಸಿದಳು. ಮಗಳ ಚಪ್ಪಲಿಯ ಸದ್ದು ಬೀದಿಯ ತಿರುವಿನಲ್ಲಿ ನಿಂತ ಮೇಲೆ ಸದಾಶಿವಯ್ಯ ಫೈಲನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು.

“ಏನ್ ಬೇಕಕ್ಕ ನಿನಗೆ?”

“ಪುಸ್ತಕ ಆಗ್ಬೇಕು ಕಣೋ.”

“ತೋಟದ ವಿಷಯ ಹೇಳು.”

“ಯಾವ ತೋಟ?” ಅಂದಳು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕಳು, ನಗುತ್ತ ಕೆಮ್ಮಿದಳು. “ಎಪ್ಪತ್ತಕ್ಕೆ ಬಂದೆ. ತೆಂಗಿನಮರ ಹತ್ತಕ್ಕಾಗುತ್ತಾ ನನ್ ಕೈಲಿ? ನಿನ್ ಮಗಳ ಮುಖ ನೋಡ್ಬೇಕಿತ್ತು, ನೋಡಿದೆ. ಒಳ್ಳೆ ಮಗು. ನಾನ್ಯಾರು ಅಂತ ಹೇಳಿಲ್ಲ. ಹೇಳೋದೂ ಇಲ್ಲ.”

ಅವರು ನಂಬಲಿಲ್ಲ. ನಂಬುವುದು ಹೇಗೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಇಪ್ಪತ್ತು ವರ್ಷ ಬೇರೆಯವರ ವಂಶಾವಳಿ ಇಟ್ಟುಕೊಂಡು ಯಾಕೆ ಕೂತಿದ್ದೆ ಎಂದು ಕೇಳಿದರು. ಹೆಸರು ಉಳಿದವರನ್ನು ನೋಡುವ ಆಸೆ ಅಂದಳು. ಆಮೇಲೆ, ನಿನ್ನ ಟಿಪ್ಪಣಿಯನ್ನು ಮಗು ಹೋದ ವಾರ ಓದಿ ಹೇಳಿತು ಅಂದಳು. ಒಂದು ಕಮ್ಮಿ ಇರುವುದಕ್ಕೆ ತಿಳಿದವರು ಬೇರೆ ಬೇರೆ ಕಾರಣ ಹೇಳುತ್ತಾರೆ, ಒಬ್ಬ ರಾಜನನ್ನು ಎರಡು ಸಲ ಎಣಿಸಬೇಕು ಅನ್ನುವವರಿದ್ದಾರೆ, ಯೇಸುವಿನ ತಾಯಿ ಮರಿಯಳನ್ನು ಸೇರಿಸಿಕೊಳ್ಳಬೇಕು ಅನ್ನುವವರಿದ್ದಾರೆ, ಅದನ್ನೆಲ್ಲ ಸೇರಿಸಿ ಬರೆಸುತ್ತೇನೆ ಅಂದಳು.

“ಆದ್ರೆ ಆ ಮೂವರನ್ನ ಬಿಟ್ಟಿದ್ದಕ್ಕೆ ಕಾರಣ ದಾಖಲಿಸಿಲ್ಲ ಅಂತ ಬರ್ದಿದೀಯಲ್ಲ, ಅದಕ್ಕೇನ್ ಹೇಳಲೋ ನಾನು? ಕಾರಣ ಬಿಟ್ಟೋರಿಗೆ ಗೊತ್ತಿರುತ್ತೆ. ಪಟ್ಟೀಲಿಲ್ಲ ಅಂದ ಮಾತ್ರಕ್ಕೆ ಅವರು ಹುಟ್ಟಲೇ ಇಲ್ಲ ಅಂತ ಆಗುತ್ತಾ?”

ಕೋಪವಿಲ್ಲದೆ ಹೇಳಿದಳು. ಅವಳ ಮಾತಿನಲ್ಲಿ ಏನಾದರೂ ವಿಷ ಇದ್ದಿದ್ದರೆ ಸದಾಶಿವಯ್ಯನವರಿಗೆ ಅನುಕೂಲವಾಗುತ್ತಿತ್ತು. ಹುಡುಕಿದರು, ಸಿಗಲಿಲ್ಲ. ಅಷ್ಟರಲ್ಲಿ ಇಂಪನಾ ಹಾಲಿನ ಪ್ಯಾಕೆಟ್ ಹಿಡಿದು ಬಂದಳು.

ಕಾಫಿ ಕುಡಿದು ಅವಳು ಲ್ಯಾಪ್‌ಟಾಪ್ ತೆರೆದಳು. ಎಲ್ಲ ಮುಗಿದ ಹಾಗೆಯೇ, ಲೇಖಕಿಯ ಪರಿಚಯದ ಪುಟ ಒಂದು ಖಾಲಿ ಉಳಿದಿದೆ ಅಂದಳು. ಮೂರು ವಾರದಿಂದ ಕೇಳುತ್ತಿದ್ದೇನೆ, ತವರು ಯಾವುದು, ತಂದೆ ತಾಯಿ ಯಾರು ಅಂದರೆ ಟೀಚರ್ ಮಾತು ತಿರುಗಿಸುತ್ತಾರೆ ಎಂದು ಅಪ್ಪನ ಹತ್ತಿರ ದೂರು ಹೇಳಿದಳು.

“ಬಿಟ್ಬಿಡಮ್ಮ. ಹೆಸರಿದ್ರೆ ಸಾಕು,” ಅಂದಳು ಗಂಗಾಂಬಿಕೆ. ಹೇಳುವಾಗ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಅಪಾಯ ಕಳೆದಿತ್ತು. ಅಕ್ಕನಿಗೆ ತೋಟ ಬೇಡ, ವಕೀಲರಿಲ್ಲ, ಬಾಯಿ ಬಿಡುವವಳೂ ಅಲ್ಲ. ಸದಾಶಿವಯ್ಯ ಮಾಡಬೇಕಾದದ್ದು ಒಂದೇ, ಸುಮ್ಮನೆ ಕೂರುವುದು. ಅದರಲ್ಲಿ ಅವರಿಗೆ ಮೂವತ್ತು ವರ್ಷದ ಅಭ್ಯಾಸ. ಆ ಹೊತ್ತು ಮಾತ್ರ ಆಗಲಿಲ್ಲ. ಹೊರಗೆ ನಿಂತವಳನ್ನು ಒಂದು ಸಲ ಬಿಟ್ಟಾಗಿತ್ತು. ಈಗ ಅವಳು ತನ್ನನ್ನು ತಾನೇ ಬಿಡುತ್ತಿದ್ದಾಳೆ, ಅದೂ ತಮ್ಮನಿಗೋಸ್ಕರ.

“ಬರ್ಕೋಮ್ಮ,” ಎಂದರು ಮಗಳಿಗೆ. “ಹುಟ್ಟು ಹೆಸರು ಗಂಗಾಂಬಿಕೆ. ಗುಬ್ಬಿ ತಾಲ್ಲೂಕು. ತಂದೆ ಚನ್ನವೀರಯ್ಯ.”

ಅಜ್ಜನ ಹೆಸರಿಗೆ ಇಂಪನಾಳ ಬೆರಳು ನಿಂತಿತು.

“ತಾಯಿ ಪಾರ್ವತಮ್ಮ. ಒಡಹುಟ್ಟಿದೋನು ಒಬ್ಬ. ತಮ್ಮ, ಸದಾಶಿವಯ್ಯ.”

ಅವಳು ಪರದೆಯನ್ನೇ ನೋಡುತ್ತಿದ್ದಳು. “ಅಂಗಡಿ ಲೋನ್‌ಗೆ ತಾತನ ವಂಶವೃಕ್ಷ ಕೊಟ್ಟಿದ್ರಲ್ಲ ಅಪ್ಪ, ನಾನು ನೋಡಿದೀನಿ. ಒಬ್ಬನೇ ಮಗ ಅಂತಿದೆ,” ಅಂದಳು.

“ನಾನೇ ಬರ್ದಿದ್ದು. ಗೊತ್ತಿದ್ದೂ ಬಿಟ್ಟೆ.”

ಸಹಿ ಬೇರೆಯವರದು ಅನ್ನುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು, ಹೇಳಲಿಲ್ಲ. ಅವರು ಹೇಳಿದ್ದಷ್ಟನ್ನೂ ಇಂಪನಾ ಟೈಪ್ ಮಾಡಿದಳು. ಆಮೇಲೆ ಕುರ್ಚಿಯನ್ನು ಅಪ್ಪನ ಕಡೆಯಿಂದ ತಿರುಗಿಸಿ ಗಂಗಾಂಬಿಕೆ ಕೂತಿದ್ದ ಮಂಚದ ಹತ್ತಿರ ಎಳೆದುಕೊಂಡಳು.

“ಓದ್ತೀನಿ ಕೇಳಿ ಅತ್ತೆ. ತಪ್ಪಿದ್ರೆ ಹೇಳಿ,” ಅಂದಳು.

ಟೀಚರ್ ಅನ್ನಲಿಲ್ಲ, ಅತ್ತೆ ಅಂದಳು. ಗಂಗಾಂಬಿಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತ ತನ್ನ ಹೆಸರು, ತನ್ನ ಅಪ್ಪನ ಹೆಸರು ಕೇಳಿಸಿಕೊಂಡಳು. ಇನ್ನೊಂದು ಸಲ ಓದು ಅಂದಳು. ಇಂಪನಾ ಇನ್ನೊಂದು ಸಲ ಓದಿದಳು. ಸದಾಶಿವಯ್ಯನವರೂ ಅತ್ತರು, ಅವರ ಕಡೆ ಯಾರೂ ನೋಡಲಿಲ್ಲ.

ವಾಪಸ್ ಬಸ್ಸಿನಲ್ಲಿ ಇಂಪನಾ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಸದಾಶಿವಯ್ಯ ಹಿಂದೆ ಕೂತು ಅವಳ ಜಡೆಯನ್ನು ನೋಡುತ್ತ ಬಂದರು. ಬೈದರೆ ಬೈಸಿಕೊಳ್ಳಲು, ಅತ್ತರೆ ಸಮಾಧಾನ ಮಾಡಲು ತಯಾರಾಗಿದ್ದರು. ತುಮಕೂರಿನಲ್ಲಿ ಇಳಿದು ರೈಲ್ವೆ ಸ್ಟೇಷನ್ ಕಡೆ ನಡೆಯುವಾಗ ಅವಳು ನಿಂತು, ಅವರ ಮುಖವನ್ನು ನೇರವಾಗಿ ನೋಡಿದಳು. ಅವರು ಜಗಲಿ ಜಗಲಿಯ ಮೇಲೆ ಕೂತು ಎಷ್ಟೋ ಜನರನ್ನು ನೋಡಿದ್ದು ಹಾಗೆಯೇ.

“ಇನ್ನೂ ಯಾರ್ಯಾರನ್ನ ಬಿಟ್ಟಿದೀರ ಅಪ್ಪ?”

“ಇನ್ಯಾರೂ ಇಲ್ಲ ಕಣಮ್ಮ,” ಎಂದರು.

ಅದು ನಿಜವಾಗಿತ್ತು. ಅವಳು ನಂಬಲಿಲ್ಲ.